ಕೂಲರ್ ಮೋಟಾರಿನ ಕಡತ

ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಇಪ್ಪತ್ತೆಂಟು ವರ್ಷ ದಿಲ್ಲಿಯ ಸರ್ಕಾರಿ ಕಚೇರಿಯಲ್ಲಿ ಕಡತ ಬರೆದೂ ಬರೆದೂ ಯಾವುದನ್ನಾದರೂ ನೇರವಾಗಿ ನೋಡುವ ಶಕ್ತಿಯೇ ನನ್ನಿಂದ ಹೊರಟುಹೋಗಿದೆ. ತಟ್ಟೆಯ ಪಕ್ಕ ಎರಡು ಬಗೆಯ ಉಪ್ಪಿನಕಾಯಿ ಇಟ್ಟರೆ ಸಾಕು, ಅನ್ನ ಆರುವ ತನಕ ಅವುಗಳ ಗುಣದೋಷ ತೂಗುತ್ತ ಕೂರುತ್ತೇನೆ. ನನ್ನ ಹೆಂಡತಿ ವಸುಧಾ ಈ ಕಾಯಿಲೆಯನ್ನು ಮದುವೆಯಾದ ವಾರದಲ್ಲೇ ಪತ್ತೆಹಚ್ಚಿದಳು. "ರೀ, ಮೊದಲು ಊಟ ಮಾಡಿ, ಟಿಪ್ಪಣಿ ಆಮೇಲೆ ಬರೆಯೋರಂತೆ" ಎಂದು ಎರಡನ್ನೂ ಬಡಿಸಿ ಮುಗಿಸುತ್ತಾಳೆ. ನಮ್ಮ ಸಂಸಾರ ಹೀಗೇ ನಡೆದುಕೊಂಡು ಬಂದಿದೆ.

ಈ ಬೇಸಿಗೆಯಲ್ಲಿ ಪೀತಮ್‌ಪುರದ ನಮ್ಮ ಮೂರನೆಯ ಮಹಡಿಯ ಮನೆಗೆ ವಸುಧಾಳ ಅಕ್ಕನ ಮಗಳು ಶ್ರುತಿ ಬಂದಳು. ಚಿತ್ರದುರ್ಗದ ಹುಡುಗಿ, ಐಎಎಸ್ ಪರೀಕ್ಷೆಗೆಂದು ಎರಡು ವರ್ಷದಿಂದ ದಿಲ್ಲಿಯಲ್ಲೇ ಓಲ್ಡ್ ರಾಜಿಂದರ್ ನಗರದಲ್ಲಿ ಕಿಟಕಿಯೇ ಇಲ್ಲದ ಕೋಣೆಯೊಂದರಲ್ಲಿ ಓದುತ್ತಿದ್ದಾಳೆ. ಹೋದ ಸಲ ಪ್ರಿಲಿಮ್ಸ್ ಕೂದಲೆಳೆಯಲ್ಲಿ ತಪ್ಪಿತ್ತು. ಈ ಸಲವೂ ಆಗದಿದ್ದರೆ ಪುಸ್ತಕ ಕಟ್ಟಿಟ್ಟು ವಾಪಸು ಬಾ, ಗಂಡು ನೋಡ್ತೀನಿ ಎಂದು ಅವಳಪ್ಪ ಹೇಳಿಬಿಟ್ಟಿದ್ದಾರೆ. "ಆ ಕೋಣೆಯಲ್ಲಿ ಮಗು ಬೆಂದುಹೋಗುತ್ತೆ" ಎಂದು ವಸುಧಾ ಅವಳನ್ನು ಕರೆತಂದು, ನಮ್ಮ ನಡುಮನೆಯ ಕೂಲರ್ ಎದುರಿಗೇ ಮೇಜು ಹಾಕಿಸಿದಳು. ಏರ್ ಕಂಡೀಷನರ್ ಗಾಳಿ ವಸುಧಾಳಿಗೆ ಆಗಿಬರುವುದಿಲ್ಲ. ಹಾಗಾಗಿ ನಮ್ಮದು ಹುಲ್ಲಿನ ತಡಿಕೆಯ ಮೇಲೆ ನೀರು ಇಳಿಯುವ, ದೊಡ್ಡ ರೆಕ್ಕೆಯ ಹಳೆಯ ತಗಡಿನ ಕೂಲರ್.

ಪರೀಕ್ಷೆಗೆ ಸರಿಯಾಗಿ ಎರಡು ವಾರವಿದ್ದ ಭಾನುವಾರ, ನಲವತ್ತೈದು ಡಿಗ್ರಿಯ ಮಧ್ಯಾಹ್ನ, ಅದು ಕೈಕೊಟ್ಟಿತು. ಸ್ವಿಚ್ ಹಾಕಿದರೆ ಗುಂಯ್ ಎನ್ನುತ್ತದೆ, ರೆಕ್ಕೆ ಅಲುಗುವುದಿಲ್ಲ. ರಿಪೇರಿ ಮಿಸ್ತ್ರಿಗೆ ಫೋನ್ ಮಾಡಿದರೆ "ಕಲ್ ಪಕ್ಕಾ, ಬಾಬೂಜಿ", ನಾಳೆ ಖಂಡಿತ, ಎಂದ. ಬೇಸಿಗೆಯಲ್ಲಿ ಕೂಲರ್ ಮಿಸ್ತ್ರಿಯ 'ಕಲ್' ಯಾವತ್ತು ಬರುತ್ತದೋ ಅವನನ್ನು ಸೃಷ್ಟಿಸಿದ ಬ್ರಹ್ಮನಿಗೂ ಗೊತ್ತಿಲ್ಲ. ನಾನು ಕನ್ನಡಕ ಏರಿಸಿ ಎರಡು ನಿಮಿಷ ಕೂಲರ್ ಮುಂದೆ ನಿಂತು, "ಮೋಟಾರ್ ಸುಟ್ಟಿದೆ" ಎಂದು ಘೋಷಿಸಿದೆ.

"ಬಿಚ್ಚಿ ನೋಡದೆ ಹೇಗೆ ಗೊತ್ತಾಯ್ತು?" ಎಂದಳು ವಸುಧಾ.

"ಅನುಭವ ಕಣೇ" ಎಂದೆ. ಮೋಟಾರಿನ ವಿಷಯದಲ್ಲಿ ನನಗಿರುವ ಅನುಭವವೆಂದರೆ ಕಚೇರಿಯಲ್ಲಿ ನೀರಿನ ಪಂಪಿನ ಕಡತವೊಂದನ್ನು ನಾಲ್ಕು ವರ್ಷ ಮೇಜಿನಿಂದ ಮೇಜಿಗೆ ಕಳಿಸಿದ್ದು, ಅಷ್ಟೇ.

ಸುಟ್ಟಿದೆ ಎಂದಮೇಲೆ ಹೊಸದು ತರಬೇಕು. ಆದರೆ ಯಾವುದು? ಗೋಡೆಯ ಪ್ಲಗ್ಗಿನಿಂದ ಬರುವ ವಿದ್ಯುತ್ತಿನಲ್ಲಿ ನೇರವಾಗಿ ಓಡುವ ಹಳೆಯ ಎಸಿ ಮೋಟಾರೋ, ಬ್ಯಾಟರಿಯಂತೆ ಒಂದೇ ದಿಕ್ಕಿಗೆ ಹರಿಯುವ ಕರೆಂಟಿನಲ್ಲಿ ಓಡುವ, ಈಗ ಎಲ್ಲರೂ ಹೊಗಳುವ ಡಿಸಿ ಮೋಟಾರೋ? ಶ್ರುತಿ ತಲೆಯ ಮೇಲೆ ಒದ್ದೆ ಟವೆಲ್ ಹಾಕಿಕೊಂಡು ಓದುತ್ತಿದ್ದಳು. ಬೆವರು ಇತಿಹಾಸದ ಪುಸ್ತಕದ ಮೇಲೆ ತೊಟ್ಟಿಕ್ಕುತ್ತಿತ್ತು. ತಕ್ಷಣ ಕ್ರಮ ಕೈಗೊಂಡೆ; ಅಂದರೆ ಉದ್ದನೆಯ ಹಾಳೆ ತೆಗೆದು, ಎಡಕ್ಕೆ ಮೂರನೇ ಒಂದು ಪಾಲು ಅಂಚು ಬಿಟ್ಟು, 'ವಿಷಯ: ಎಸಿ ಮತ್ತು ಡಿಸಿ ಮೋಟಾರುಗಳ ತುಲನೆ' ಎಂದು ಬರೆದು ಅಡಿಗೆರೆ ಎಳೆದೆ.

ನಿಜ ಹೇಳಲೇ? ಟಿಪ್ಪಣಿಗೆಂದು ಫೋನಿನಲ್ಲಿ ಓದುತ್ತ ಓದುತ್ತ ನನಗೆ ಎರಡರ ಮೇಲೂ ಪ್ರೀತಿ ಹುಟ್ಟಿಬಿಟ್ಟಿತು. ಎಸಿ ಮೋಟಾರನ್ನೇ ನೋಡಿ. ಹೊರಗೆ ಸುತ್ತಿದ ತಂತಿಯಲ್ಲಿ ಕರೆಂಟು ಹರಿದು ಕಣ್ಣಿಗೆ ಕಾಣದ ಸೆಳೆತವೊಂದು ಸುತ್ತುತ್ತದಂತೆ, ಒಳಗಿನ ಕಬ್ಬಿಣದ ಉರುಳೆ ಅದರ ಬೆನ್ನು ಹತ್ತಿ ಓಡುತ್ತದಂತೆ. ಆ ಉರುಳೆಗೆ ಒಂದು ತಂತಿಯನ್ನೂ ಜೋಡಿಸಿಲ್ಲ! ಉಜ್ಜುವುದಿಲ್ಲ, ಸವೆಯುವುದಿಲ್ಲ; ದಿಲ್ಲಿಯ ಧೂಳು ತಿಂದು, ಕೂಲರಿನ ನೀರಲ್ಲಿ ನೆನೆದು, ನಾಲ್ಕು ಹನಿ ಎಣ್ಣೆಯಲ್ಲಿ ವರ್ಷಗಟ್ಟಲೆ ದುಡಿಯುತ್ತದೆ. ಇಂಥ ಗುಮಾಸ್ತ ಒಬ್ಬನಿದ್ದರೆ ಸಾಕಾಗಿತ್ತು, ನಮ್ಮ ಇಡೀ ವಿಭಾಗಕ್ಕೆ.

ಸೋಮವಾರ ಬೆಳಿಗ್ಗೆ ಮೆಟ್ರೋ ನಿಲ್ದಾಣಕ್ಕೆ ಹೋಗುವಾಗ ಬ್ಯಾಟರಿ ರಿಕ್ಷಾದ ಭಯ್ಯಾನನ್ನು ಕೇಳಿದೆ. ಅವನು ಡಿಸಿ ಪಕ್ಷ. ಐದು ಜನರನ್ನೂ ಒಂದು ಗೋಧಿ ಮೂಟೆಯನ್ನೂ ಹೊತ್ತ ರಿಕ್ಷಾವನ್ನು ನಿಂತಲ್ಲಿಂದ ಸುಯ್ಯೆಂದು ಎಬ್ಬಿಸಿ, "ದೇಖಾ ಸಾಬ್?" ಎಂದ. ದೇಖಾ, ನೋಡಿದೆ! ಎಷ್ಟು ಭಾರವಿದ್ದರೂ ಮೊದಲ ಹೆಜ್ಜೆಗೇ ಮೈಯೆಲ್ಲ ಬಲ ತಂದುಕೊಳ್ಳುವುದು, ಮೆಲ್ಲಗೆ ಎಂದರೆ ಮೆಲ್ಲಗೆ, ಜೋರು ಎಂದರೆ ಜೋರು ಹೋಗುವುದು: ಎಂಥ ವಿಧೇಯತೆ! ಹಳೆಯ ಡಿಸಿಗಳಲ್ಲಿ ಇಂಗಾಲದ ತುಂಡು ಉಜ್ಜಿ ಸವೆಯುತ್ತಿತ್ತಂತೆ, ಹೊಸದರಲ್ಲಿ ಅದೂ ಇಲ್ಲ, ಕರೆಂಟೂ ಕಡಿಮೆ. ಆದರೆ ಕಚೇರಿಯ ಸಕ್ಸೇನಾ ಜೀ ಎಸಿ ಪಕ್ಷ. ಡಿಸಿಯ ಹೊಟ್ಟೆಯಲ್ಲಿರುವ ಸರ್ಕ್ಯೂಟು ಕೆಟ್ಟರೆ ಗಲ್ಲಿಯ ಮಿಸ್ತ್ರಿ ಕೈಯೆತ್ತಿಬಿಡುತ್ತಾನೆ ಎಂದರು. ಅವರ ಆಕ್ಷೇಪಣೆಯನ್ನೂ ಸೇರಿಸಿ, ಊಟದ ಬಿಡುವಿನಲ್ಲಿ ಟಿಪ್ಪಣಿ ಮುಗಿಸಿದೆ. ನಾಲ್ಕು ಪುಟ, ಹತ್ತೊಂಬತ್ತು ಪ್ಯಾರಾ. ಬರೆದವನಿಗೇ ಕಣ್ಣು ತುಂಬಿ ಬರುವಂತಿತ್ತು.

ಸಂಜೆ ಬಾಗಿಲು ತೆರೆದರೆ ಮುಖಕ್ಕೆ ತಂಪು ಗಾಳಿ ಬಡಿಯಿತು. ಕೂಲರ್ ಓಡುತ್ತಿದೆ! ಶ್ರುತಿ ಉಪ್ಪಿಟ್ಟಿನ ತಟ್ಟೆ ಪಕ್ಕಕ್ಕಿಟ್ಟುಕೊಂಡು ಓದುತ್ತಿದ್ದಾಳೆ.

"ಮಿಸ್ತ್ರಿ ಬಂದಿದ್ನಾ?"

"ಅವನೆಲ್ಲಿ ಬರ್ತಾನೆ" ಎಂದಳು ವಸುಧಾ. "ನೀವು ಹೋದಮೇಲೆ ನೋಡಿದೆ. ಸುಟ್ಟಿದ್ರೆ ವಾಸನೆ ಬರಬೇಕಲ್ವಾ, ಬರಲಿಲ್ಲ. ಸ್ವಿಚ್ ಹಾಕಿ ಪೊರಕೆ ಕಡ್ಡಿಯಿಂದ ರೆಕ್ಕೆ ತಳ್ಳಿದೆ, ಹೊರಟೇಬಿಡ್ತು! ಮೊದಲು ಉಲ್ಟಾ ತಿರುಗಿ ಗಾಳಿಯೆಲ್ಲ ರಸ್ತೆಗೆ ಹೋಯ್ತು. ನಿಲ್ಲಿಸಿ ಆ ಕಡೆಯಿಂದ ತಳ್ಳಿದೆ, ಸರಿಹೋಯ್ತು. ಕೆಳಗಿನ ಎಲೆಕ್ಟ್ರಿಕ್ ಅಂಗಡಿ ಭಯ್ಯಾಗೆ ಹೇಳಿದ್ರೆ, ಮೋಟಾರ್ ಚೆನ್ನಾಗಿದೆ ಭಾಭೀಜಿ, ಶುರುವಿಗೆ ನೂಕೋ ಕಂಡೆನ್ಸರ್ ಹೋಗಿದೆ ಅಂದ. ಬೆರಳುದ್ದದ ಡಬ್ಬಿ. ಹೊಸದು ತಂದು, ಪ್ಲಗ್ ಕಿತ್ತು ನಾನೇ ಜೋಡಿಸಿದೆ."

ಹೆಮ್ಮೆಯಾಯಿತು, ಸುಳ್ಳೇಕೆ ಹೇಳಲಿ. ಇಂಥವಳನ್ನು ಕಟ್ಟಿಕೊಂಡ ನಾನೇ ಪುಣ್ಯವಂತ. ಆದರೆ ಕೈಯಲ್ಲಿ ನಾಲ್ಕು ಪುಟದ ಟಿಪ್ಪಣಿ ಇತ್ತಲ್ಲ! ಬರೆದ ಟಿಪ್ಪಣಿಯನ್ನು ಯಾರ ಮುಂದೂ ಮಂಡಿಸದೆ ಮಡಿಚಿಡುವುದು ನನ್ನ ಜಾಯಮಾನಕ್ಕೆ ಒಗ್ಗುವುದಿಲ್ಲ. "ಓದಿ ನೋಡು, ಪರೀಕ್ಷೆಗೆ ಉಪಯೋಗಕ್ಕೆ ಬಂದೀತು" ಎಂದು ಶ್ರುತಿಯ ಮೇಜಿನ ಮೇಲಿಟ್ಟು, ಎದುರಿನ ಸೋಫಾದಲ್ಲಿ ಕೂತು ಚಪ್ಪಲಿ ಬಿಚ್ಚಿದೆ.

ಹುಡುಗಿ ಪೆನ್ಸಿಲ್ ಹಿಡಿದು ಹತ್ತೊಂಬತ್ತು ಪ್ಯಾರಾವನ್ನೂ ಓದಿದಳು. ಆಮೇಲೆ, "ಚಿಕ್ಕಪ್ಪ, ತುಂಬಾ ಚೆನ್ನಾಗಿದೆ. ಎಲ್ಲಾ ಇದೆ. ನಮ್ಮ ಕೂಲರ್‌ಗೆ ಏನಾಗಿತ್ತು ಅನ್ನೋದು ಒಂದು ಬಿಟ್ಟು" ಎಂದಳು. ನಾನು ಬಾಯಿ ತೆರೆಯುವುದರೊಳಗೆ, ನಾನು ಬಿಟ್ಟ ಅಂಚಿನಲ್ಲಿ ಒಂದೇ ಒಂದು ಪದ ಬರೆದು, ಕೆಳಗೆ ಪುಟ್ಟ ಸಹಿ ಹಾಕಿ, ಹಾಳೆಯನ್ನು ನನ್ನ ಕಡೆ ತಿರುಗಿಸಿದಳು: 'ಚರ್ಚಿಸಿ.'

ಕಚೇರಿಯಲ್ಲಿ ಸಾಹೇಬರು ಅಂಚಿನಲ್ಲಿ ಹೀಗೆ ಬರೆದರೆಂದರೆ ಬರೆದವನು ಖುದ್ದಾಗಿ ಹೋಗಿ ಉತ್ತರ ಕೊಡಬೇಕು. ಅಡುಗೆಮನೆಯಿಂದ ವಸುಧಾ ಬಿದ್ದು ಬಿದ್ದು ನಗುತ್ತಿದ್ದುದು ಕೇಳಿಸಿದಾಗಲೇ ನನ್ನ ಗಮನ ನನ್ನ ಮೇಲೆ ಹೋಗಿದ್ದು. ಪರೀಕ್ಷೆಗೇ ಇನ್ನೂ ಹದಿಮೂರು ದಿನವಿತ್ತು. ನಾನು ಆಗಲೇ ಅಂಗಿಯ ಮೇಲಿನ ಗುಂಡಿ ಹಾಕಿಕೊಂಡು, ಬರಿಗಾಲಲ್ಲಿ, ಅವಳ ಮೇಜಿನ ಮುಂದೆ ಎದ್ದು ನಿಂತಿದ್ದೆ.