ಕಾಲೇಜು ಹಬ್ಬದಲ್ಲಿ ನಾನು ಕಣ್ಣಾರೆ ಕಂಡದ್ದು

ಸ್ವಲ್ಪ ಹತ್ತಿರ ಬನ್ನಿ. ದೊಡ್ಡದಾಗಿ ಓದಬೇಡಿ, ಗೋಡೆಗೂ ಕಿವಿ ಉಂಟು. ಇದು ನಿಮ್ಮಲ್ಲೇ ಇರಬೇಕು, ದೇವರಾಣೆ. ನಾನು ಇದನ್ನು ಮತ್ತೆ ಎತ್ತಿದೆ ಅಂತ ಪಕ್ಕದ ಮನೆಯ ಬಾಯಮ್ಮನಿಗಂತೂ ಹೇಳಲೇಬೇಡಿ. ಅವರ ಮಗಳಿಗೆ ಬಂದ ಒಳ್ಳೆಯ ಸಂಬಂಧ ನನ್ನ ನಾಲಿಗೆಯಿಂದ ಇನ್ನೇನು ಮುರಿಯಿತು ಎನ್ನುವಲ್ಲಿಗೆ ಬಂದಿತ್ತು.

ನಾನು ಮಣಿಪಾಲದ ಒಂದು ಕಾಲೇಜಿನ ಲೇಡೀಸ್ ಹಾಸ್ಟೆಲಿನಲ್ಲಿ ಕಸ ಗುಡಿಸಿ, ಬಿಸಿನೀರು ಹೊತ್ತು ಮುದುಕಿಯಾದವಳು. ಓದಿದ್ದು ಎರಡನೇ ಕ್ಲಾಸು, ಅದೂ ಪೂರ್ತಿ ಅಲ್ಲ. ವರ್ಷಕ್ಕೊಮ್ಮೆ ಮಕ್ಕಳ ಹಬ್ಬ ಬಂತೆಂದರೆ ನನ್ನಿಂದ ಒಂದು ಎಡವಟ್ಟು ಆಗಲೇಬೇಕು, ಚೌತಿಗೆ ಕಡುಬು ಆದ ಹಾಗೆ.

ಜಗಳಕ್ಕೆ ಕಪ್ಪು

ಎಪ್ಪತ್ತರ ದಶಕದ ಸುರುವಿಗೆ ಆ ಹಬ್ಬಕ್ಕೆ ‘ಕಾಲೇಜ್ ಡೇ’ ಅಂತ ಹೆಸರು. ಒಂದು ಶಾಮಿಯಾನ, ಒಂದು ಮೈಕು. ಆ ಮೈಕೂ ಅರ್ಧ ಹೊತ್ತು ಕುಂಯ್ ಅನ್ನುವುದೇ.

ಸ್ಟೇಜಿನಲ್ಲಿ ಒಂದು ಹುಡುಗಿ, ಒಂದು ಹುಡುಗ. ಇಂಗ್ಲಿಷಿನಲ್ಲಿ ಅವಳು ಬೈದದ್ದೇನು, ಅವನು ಮೇಜು ಗುದ್ದಿದ್ದೇನು! ಬಿಡಿಸುವವರು ಒಬ್ಬರೂ ಇಲ್ಲ, ಎಲ್ಲರೂ ಚಪ್ಪಾಳೆ. ನಾನು ಪೊರಕೆ ಬಿಸಾಡಿ ಮನೆಯ ಕಡೆ ಓಡಿದೆ. ಸಂಜೆಯೊಳಗೆ ಓಣಿಯಲ್ಲೆಲ್ಲ ಸುದ್ದಿ: “ಪ್ರಿನ್ಸಿಪಾಲರ ಎದುರೇ ಹೊಡೆದಾಟ!”

ಮರುದಿನ ವಾರ್ಡನ್ ಅಮ್ಮ ಕರೆದು, “ಅದು ಚರ್ಚಾಸ್ಪರ್ಧೆ ಮಾರಾಯ್ತಿ. ಇಬ್ಬರಿಗೂ ಬಹುಮಾನದ ಕಪ್ಪು ಸಿಕ್ಕಿದೆ” ಅಂದರು.

“ಜಗಳ ಆಡಿದರೆ ಕಪ್ಪು ಕೊಡ್ತಾರಾ ಅಮ್ಮ? ನಾನು ಇಷ್ಟು ವರ್ಷ ಪುಕ್ಕಟೆ ಆಡಿದೆನಲ್ಲ!”

ಒಲೆ ಹೊತ್ತದ ದಿನ

ಆಮೇಲಾಮೇಲೆ ಹಬ್ಬ ಮೂರು ದಿನಕ್ಕೆ ಬೆಳೆಯಿತು. ಹೊಸ ಹೊಸ ಆಟ. ಒಂದು ವರ್ಷ ನೋಡುತ್ತೇನೆ, ನಮ್ಮ ಹಾಸ್ಟೆಲಿನ ಹುಡುಗಿಯರು ಸಾಲಾಗಿ ಕೂತು ಹಸಿ ಕ್ಯಾರೆಟ್ ತುರಿಯುತ್ತಿದ್ದಾರೆ, ಅವಲಕ್ಕಿಯನ್ನು ತಣ್ಣೀರಿನಲ್ಲಿ ನೆನೆಸುತ್ತಿದ್ದಾರೆ. ಒಲೆ ಇಲ್ಲ, ಹೊಗೆ ಇಲ್ಲ. ಪಾಪ ಮಕ್ಕಳು!

ಅದೇ ದಿನ ಕಾಪುವಿನ ಬಸ್ಸಿನಲ್ಲಿ ಹೇಳಿದೆ, “ಹಾಸ್ಟೆಲಿನಲ್ಲಿ ಒಲೆ ಹೊತ್ತುವುದಿಲ್ಲ. ಮಕ್ಕಳು ಆಡಿನ ಹಾಗೆ ಹಸಿದೇ ತಿನ್ನುತ್ತಿದ್ದಾವೆ.”

ಆ ಬಸ್ಸಿನಲ್ಲಿ ಒಂದು ಹುಡುಗಿಯ ತಾಯಿ ಇದ್ದದ್ದು ನನಗೇನು ಗೊತ್ತು? ಮರುದಿನ ಬೆಳಿಗ್ಗೆ ಅವರು ಅಳುತ್ತಾ ಬಂದರು, ಸೊಂಟದಲ್ಲಿ ಒಂದು ಪಾತ್ರೆ ಬಂಗುಡೆ ಮೀನಿನ ಸಾರು. ಅದು ಬೆಂಕಿ ಇಲ್ಲದೆ ಅಡುಗೆ ಮಾಡುವ ಸ್ಪರ್ಧೆಯಂತೆ! ವಾರ್ಡನ್ ಅಮ್ಮ ನನಗೆ ಮಂಗಳಾರತಿ ಮಾಡಿದರು. ಹುಡುಗಿಯರು ಮಾತ್ರ ಪಾತ್ರೆ ಬಳಿದು ನೆಕ್ಕಿ, ನನ್ನ ಕಿವಿಯಲ್ಲಿ ಹೇಳಿದರು, “ಅಕ್ಕ, ನಾಳೆ ಪೆರ್ಡೂರಿನ ಬಸ್ಸಿನಲ್ಲೂ ಸ್ವಲ್ಪ ಹೇಳಿ. ಕೋಳಿ ಸಾರು ಬರಲಿ.”

ಬಾಯಮ್ಮನ ಮಗಳ ಗುಟ್ಟಿನ ಮದುವೆ

ಅಲ್ಲಿಯವರೆಗೆ ಮಾನ ಹೋದದ್ದು ನನ್ನದು ಮಾತ್ರ. ಎಂಬತ್ತರ ನಂತರ ಒಂದು ವರ್ಷ ಬಾಯಮ್ಮನ ಮಗಳೂ ಅದೇ ಕಾಲೇಜಿನಲ್ಲಿದ್ದಳು. ಬೆಳ್ಮಣ್‌ನಿಂದ ಸಂಬಂಧ ಬಂದಿತ್ತು. ಹುಡುಗ ದುಬೈಯಲ್ಲಿ.

ಹಬ್ಬದ ಬೆಳಿಗ್ಗೆ ಸ್ಟೇಜಿನ ಹಿಂದಿನ ಕೋಣೆಗೆ ಇಣುಕಿದೆ. ಬಾಯಮ್ಮನ ಮಗಳು! ಜರಿ ಸೀರೆ, ತಲೆ ತುಂಬ ಮಲ್ಲಿಗೆ, ಕುತ್ತಿಗೆಯಲ್ಲಿ ಕರಿಮಣಿ. ಪಕ್ಕದಲ್ಲಿ ಮುಂಡಾಸು ಕಟ್ಟಿದ ಮದುಮಗ, ಅವಳ ಕೈ ಹಿಡಿದು ನಿಂತಿದ್ದಾನೆ. ಎರಡನೇ ಸಲ ನೋಡುವಷ್ಟು ತಾಳ್ಮೆ ನನಗೆಲ್ಲಿ?

ಮನೆಗೆ ಬಂದರೆ ಜಗಲಿಯಲ್ಲಿ ಒಬ್ಬರು ಹೆಂಗಸು. ನೀರು ಕೇಳುವ ನೆಪದಲ್ಲಿ ಬಂದ ದುಬೈ ಹುಡುಗನ ಚಿಕ್ಕಮ್ಮ. “ಪಕ್ಕದ ಮನೆಯ ಹುಡುಗಿ ಹೇಗೆ?”

“ಚಿನ್ನದಂಥ ಹುಡುಗಿ. ನಾನು ಹೇಳಿದೆ ಅಂತ ಎಲ್ಲಿಯೂ ಹೇಳಬೇಡಿ, ಇವತ್ತು ಬೆಳಿಗ್ಗೆ ಮದುವೆ ಆಯಿತು.”

“ಎಂತದು!”

“ಕಣ್ಣಾರೆ ಕಂಡೆ. ಹುಡುಗನೂ ಚಂದ ಇದ್ದಾನೆ. ಎಲ್ಲೋ ನೋಡಿದ ಮುಖ.”

ಅವರು ನೀರು ಕುಡಿಯದೆ ಎದ್ದು ಹೋದರು.

ಮರುದಿನ ಬೆಳಿಗ್ಗೆ ಹಾಸ್ಟೆಲಿನಲ್ಲಿ ಕಾರ್ಕಳದ ಹುಡುಗಿಯೊಬ್ಬಳ ಕೋಣೆಗೆ ಬಿಸಿನೀರು ಕೊಂಡುಹೋದೆ. ಅವಳು ಕನ್ನಡಿಯ ಎದುರು ನಿಂತು ಮೂಗಿನ ಕೆಳಗೆ ಉಜ್ಜುತ್ತಿದ್ದಳು. “ಅಕ್ಕ, ತೆಂಗಿನೆಣ್ಣೆ ಉಂಟಾ? ಕಾಡಿಗೆಯ ಮೀಸೆ ಹೋಗುವುದೇ ಇಲ್ಲ. ನಿನ್ನೆ ಮದುಮಕ್ಕಳ ವೇಷದ ಸ್ಪರ್ಧೆಯಲ್ಲಿ ನಮಗೇ ಫಸ್ಟು!”

ಎಲ್ಲೋ ನೋಡಿದ ಮುಖವಂತೆ! ದಿನಾ ಬೆಳಿಗ್ಗೆ ನೋಡುವ ಮುಖ!

ಬಕೆಟ್ ಅಲ್ಲೇ ಇಟ್ಟೆ. ಮೀಸೆ ತೊಳೆಯಲಿಕ್ಕೂ ಬಿಡದೆ ಮದುಮಗನ ಕೈ ಹಿಡಿದು ಎಳೆದುಕೊಂಡು ಬೆಳ್ಮಣ್ ಬಸ್ಸು ಹತ್ತಿದೆ. ಬಸ್ಸಿಡೀ ನಮ್ಮನ್ನೇ ನೋಡಿತು. ಚಿಕ್ಕಮ್ಮನ ಎದುರು ಅವಳನ್ನು ನಿಲ್ಲಿಸಿ ಹೇಳಿದೆ, “ಇಗೊಳ್ಳಿ, ಇವಳೇ ಆ ಗಂಡ. ತಪ್ಪು ನನ್ನ ಕಣ್ಣಿನದು, ನಾಲಿಗೆಯದು.” ಚಿಕ್ಕಮ್ಮ ಒಮ್ಮೆ ಮೀಸೆಯನ್ನು ನೋಡಿದರು, ಒಮ್ಮೆ ಜಡೆಯನ್ನು. ಮತ್ತೆ ನಗಲಿಕ್ಕೆ ಸುರು ಮಾಡಿದವರು ನಿಲ್ಲಿಸಲೇ ಇಲ್ಲ. ಸಂಬಂಧ ಉಳಿಯಿತು.

ಬಾಯಮ್ಮ ಎರಡು ತಿಂಗಳು ನನ್ನ ಮುಖ ನೋಡಲಿಲ್ಲ. ಕೊನೆಗೊಂದು ದಿನ ಮದುವೆ ಕಾಗದ ಹಿಡಿದು ಬಂದರು. ಓಣಿಯ ಹೆಂಗಸರೆಲ್ಲ ಜಗಲಿಗೆ ಬರುವವರೆಗೆ ಕಾದು, ನನ್ನ ಮುಖಕ್ಕೇ ಹೇಳಿದರು:

“ಅಕ್ಕ, ಮದುವೆಗೆ ಬರಬೇಕು, ಎದುರಿನ ಸಾಲಿನಲ್ಲೇ ಕೂತುಕೊಳ್ಳಬೇಕು. ಈ ಸಲ ಮದುಮಗ ಗಂಡಸೇ. ಸಂಶಯ ಉಂಟಾದರೆ ಮೊದಲು ಮೀಸೆ ಎಳೆದು ನೋಡಿ, ಮತ್ತೆ ಬಸ್ಸು ಹತ್ತಿ.”