ಅಪ್ಪನ ಚಾಕುವಿಗೆ ಕುಸುಬಿ ಎಣ್ಣೆ

ತಂದೆ ಬಿಟ್ಟುಹೋದ ಮಡಚುವ ಚಾಕು ಮಗನ ಕೈಗೇ ಬಗ್ಗುವುದಿಲ್ಲವೆಂದರೆ ಅದಕ್ಕಿಂತ ಅವಮಾನ ಇನ್ನೇನಿದೆ? ಸೋಲಾಪುರದ ಅರಿವೆ ವ್ಯಾಪಾರಿ ಗೊಲ್ಲಾಳಪ್ಪನಿಗೆ ಎಪ್ಪತ್ತೈದನೆಯ ಇಸವಿಯ ಚಳಿಗಾಲದಲ್ಲಿ ಆ ಅವಮಾನ ಒದಗಿತು. ಕೊಂಬಿನ ಹಿಡಿಯೊಳಗಿಂದ ಅಲಗು ಹೊರಗೆ ಬರಲೊಲ್ಲದು. ಅತ್ತ ಅಕ್ಕಲಕೋಟೆಯಿಂದ ಅಕ್ಕ ನೀಲಾಬಾಯಿ ರವಿವಾರ ಬರುವವಳು. "ಅಪ್ಪನ ಚಾಕುವಿನ ಟಕ್ ಸಪ್ಪಳಾ ಮತ್ತ ಕೇಳಸ್ತೀನಿ, ಬಾ" ಎಂದು ಈತ ಹೋದ ಸಲವೇ ಕೊಚ್ಚಿಕೊಂಡಿದ್ದ. ಅಪ್ಪ ಅಂಗಳದಲ್ಲಿ ಪೇರಲಹಣ್ಣು ಹೆಚ್ಚುವಾಗ ಆ ಸಪ್ಪಳ ಕೇಳಿದರೆ ಸಾಕು, ಅಕ್ಕ ತಮ್ಮ ಎಲ್ಲಿದ್ದರೂ ಓಡಿಬರುತ್ತಿದ್ದರು.

"ಹೊಲಿಗಿ ಮಶೀನಿನ ಎಣ್ಣಿ ಎರಡು ಹನಿ ಬಿಡ್ರಿ," ಎಂದಳು ಹೆಂಡತಿ ಪಾರ್ವತಿಬಾಯಿ.

"ತಿನ್ನೋ ಹಣ್ಣಿಗೆ ಮಶೀನಿನ ಎಣ್ಣಿ? ನಮ್ಮ ಗಾಣದ ಕುಸುಬಿ ಎಣ್ಣಿ ಇರೂತನಕಾ ಅದರ ಹಂಗ್ಯಾಕ?"

"ಬ್ಯಾಡ್ರಿ, ಅದು..."

"ನೀ ಭಕ್ರಿ ಬಡಿ ಹೋಗು. ಲೋಹದ ಶಾಸ್ತ್ರ ನಿನಗೇನು ತಿಳೀತೈತಿ?"

(ಈತನಿಗಾದರೂ ಎಲ್ಲಿ ತಿಳಿದಿತ್ತು! ಅಳತೆಯ ಗಜ ಬಿಟ್ಟರೆ ಬೇರೆ ಕಬ್ಬಿಣ ಮುಟ್ಟಿದವನಲ್ಲ.)

ಚಾಕುವಿನ ಕೀಲಿಗೆ ಅಭ್ಯಂಜನವಾಯಿತು. ಇಕ್ಕಳ ಹಾಕಿ ಎಳೆದು, ಮಡಚಿ, ಮತ್ತೆ ಎಳೆದು, ಸಂಜೆಯ ಹೊತ್ತಿಗೆ ಅಲಗು ಬೆಣ್ಣೆಯಲ್ಲಿ ಜಾರಿದಂತೆ ಜಾರತೊಡಗಿತು. ಗೊಲ್ಲಾಳಪ್ಪ ಮೀಸೆ ತೀಡಿಕೊಂಡ. ಚೆನ್ನಾಗಿ ಹೀರಲೆಂದು ಇನ್ನಷ್ಟು ಎಣ್ಣೆ ಸುರಿದು, ಮಡಚಿ, ಮರುದಿನದಿಂದ ಅಕ್ಕ ಬರುವವರೆಗೆ ಮಾಳಿಗೆಯ ಬಿಸಿಲಿಗಿಟ್ಟ.

ಅಕ್ಕ ಬುಟ್ಟಿ ತುಂಬ ಪೇರಲಹಣ್ಣು ಹೊತ್ತು ಬಂದಳು. "ಎಲ್ಲೈತೆಪಾ ತಮ್ಮಾ ನಿನ್ನ ಸಪ್ಪಳಾ?"

ಈತ ಉಗುರು ಸಿಗಿಸಿದ, ಉಗುರು ಮುರಿಯಿತು. ಧೋತರದ ಚುಂಗು ಸುತ್ತಿ ಎಳೆದ. ಧೋತರ ಸಡಿಲಾಯಿತು, ಚಾಕು ಸಡಿಲಾಗಲಿಲ್ಲ. ಎಣ್ಣೆ ಅರಗಿನಂತೆ ಕಚ್ಚಿಕೊಂಡು ಕುಳಿತಿತ್ತು.

"ಎಣ್ಣಿ ಡಬ್ಬಿ ಮುಚ್ಚಳಾ ಒಮ್ಮೆರೆ ತಗದಿದ್ರ ಗೊತ್ತಿರತಿತ್ತು," ಎಂದಳು ಪಾರ್ವತಿಬಾಯಿ. "ಕುಸುಬಿ ಎಣ್ಣಿ ಒಣಗಿದ್ರ ಗೋಂದ ಆಗತೈತ್ರಿ. ದಿನಾ ಅದರ ಕೂಡ ಬಡದಾಡತೀನಿ ನಾ."

ನೀಲಾಬಾಯಿ ಕಣ್ಣಲ್ಲಿ ನೀರು ಬರುವಂತೆ ನಕ್ಕಳು. "ಅಪ್ಪನೂ ಕುಸುಬಿ ಎಣ್ಣಿನs ಹಾಕತಿದ್ದನೋ! ಅಂವಗ ಯಾವತ್ತೂ ತಗೀಲಿಕ್ಕ ಬರಲಿಲ್ಲ. ಅವ್ವ ಒಳಗ ಒಯ್ದು ಬಿಸಿನೀರಾಗ ಅದ್ದಿ ತಗದು ಕೊಡತಿದ್ಲು. ನೀ ಸಣ್ಣಾಂವ, ಹಣ್ಣಿನ ಮ್ಯಾಲೆ ಕಣ್ಣು."

"ಮತ್ತ ಆ ಟಕ್?"

"ಅದು ಹೆಚ್ಚಿ ಆದಮ್ಯಾಲೆ ಮುಚ್ಚೋ ಸಪ್ಪಳಾ. ಮುಚ್ಚೂದಷ್ಟs ಅಪ್ಪಂದು!"

ಪಾರ್ವತಿಬಾಯಿ ಚಾಕುವನ್ನು ಕುದಿಯುವ ನೀರಿನಲ್ಲಿ ಅದ್ದಿ, ತೆರೆದು ತಂದಳು. ಗೊಲ್ಲಾಳಪ್ಪ ಹಣ್ಣು ಹೆಚ್ಚಿದ, ಉಪ್ಪು ಖಾರ ಉದುರಿಸಿದ, ಅಪ್ಪನಂತೆಯೇ ಚಾಕುವನ್ನು ತೊಡೆಗೆ ಒರೆಸಿ ಮುಚ್ಚಿದ. ಟಕ್!

ಅಕ್ಕ ಕಣ್ಣು ಮುಚ್ಚಿದಳು. ಹೋಳು ಕೈಯಲ್ಲೇ ಉಳಿಯಿತು. ಲಂಗ ಉಟ್ಟ ಹುಡುಗಿಯ ದನಿಯಲ್ಲಿ, "ಇನ್ನೊಮ್ಮೆ ಮಾಡೋ," ಎಂದಳು.

ಗೊಲ್ಲಾಳಪ್ಪ ಅಲಗನ್ನು ಎಳೆದು ನೋಡಿದ; ಎಣ್ಣೆ ಆರಿ ಮತ್ತೆ ಕಚ್ಚಿಕೊಂಡಿತ್ತು. ಅಕ್ಕನ ಮುಖ ನೋಡಿದ. ಎದ್ದುಹೋಗಿ ಅಡಿಗೆಮನೆಯ ಬಾಗಿಲಲ್ಲಿ ನಿಂತ.

"ಕೊಡ್ರಿ ಇತ್ತ," ಎಂದಳು ಪಾರ್ವತಿಬಾಯಿ, ತಿರುಗಿಯೂ ನೋಡದೆ. "ನೀರು ಇನ್ನಾ ಒಲಿ ಮ್ಯಾಲಿಂದ ಇಳಿಸಿಲ್ಲ."