ಗೆಳೆಯನ ಅಂಗಡಿಯಲ್ಲಿ ಕುಡಿಯದ ಟೀ

ಗೊಬ್ಬರದಂಗಡಿಗಳನ್ನು ತಪಾಸಣೆ ಮಾಡುವವನು ಅಂಗಡಿಯವರ ಟೀ ಕುಡಿಯಬಾರದು ಎಂದು ನೌಕರಿಯ ಮೊದಲ ದಿನವೇ ನಿಶ್ಚಯಿಸಿದೆ. ಅವತ್ತಿನಿಂದ ಟೀ ನನ್ನ ಬೆನ್ನು ಬಿಟ್ಟಿಲ್ಲ. ಹೊನ್ನಾಳಿಯಲ್ಲಿ ನನ್ನ ಬಾಲ್ಯದ ಗೆಳೆಯನದೇ ಗೊಬ್ಬರದಂಗಡಿ. ಅವನ ಮನೆಗೆ ಹೋದರೆ ಟೀ ಸಿಗುತ್ತಿತ್ತು, ನಿಜ. ಆದರೆ ಅಂಗಡಿ ಸ್ಟೂಲಿನ ಮೇಲೆ ಕೂತು, ಹೋಗಿಬರುವವರನ್ನು ಆಡಿಕೊಳ್ಳುತ್ತ ಕುಡಿಯುವ ಸುಖವೇ ಬೇರೆ. ಆ ಆಸೆ ಮಾತ್ರ ನನಗೆ ಹೋಗಲೇ ಇಲ್ಲ.

೧. ಫ್ಲಾಸ್ಕು

ಜಗಳೂರಿಗೆ ಹೋಗುವಾಗ ಮನೆಯಿಂದ ಫ್ಲಾಸ್ಕಿನಲ್ಲಿ ಟೀ ಒಯ್ಯುತ್ತಿದ್ದೆ. ಒಂದು ದಿನ ಗೋದಾಮಿನಲ್ಲಿ ಗೊಬ್ಬರದ ಮಾದರಿ ತೆಗೆದು, ಪೊಟ್ಟಣಕ್ಕೆ ಅರಗಿನ ಸೀಲು ಹಾಕಿ ಬಂದರೆ, ಖಾಲಿಯಾಗಿದ್ದ ಫ್ಲಾಸ್ಕು ತುಂಬಿತ್ತು. ಏಲಕ್ಕಿ ಘಮ ಬೇರೆ.

"ಏನ್ರೀ ಇದು?"

ಅಂಗಡಿಯವರು ಕೈಮುಗಿದರು. "ನಿಮ್ಮ ಫ್ಲಾಸ್ಕು, ನಿಮ್ಮ ಟೀ. ಇದ್ರಾಗೆ ನಮ್ದೇನೈತೆ ಸಾರ್?"

ಮುಂದಿನ ಸಲದಿಂದ ಫ್ಲಾಸ್ಕಿನ ಬಾಯಿಗೂ ಅರಗಿನ ಸೀಲು ಹಾಕಿದೆ.

೨. ರಾಜಿ

ಗೆಳೆಯನ ಅಂಗಡಿಯ ತಪಾಸಣೆ ಬೇರೆಯವರಿಗೆ ಕೊಡಿ ಎಂದು ಚನ್ನಗಿರಿಯಲ್ಲಿದ್ದ ಮೇಲಧಿಕಾರಿಯನ್ನು ಕೇಳಿಕೊಂಡೆ.

"ಜಗಳ ಐತೇನ್ರೀ?"

"ಇಲ್ಲ ಸಾರ್, ಪ್ರೀತಿ ಐತೆ. ಅವನ ತಪ್ಪು ಹುಡುಕಾಕೆ ನನಗೆ ಕೈ ಬರಲ್ಲ."

"ಪ್ರೀತಿ ಅಂತ ಬರೆದ್ರೆ ಫೈಲು ಹೆಂಗ್ರೀ ಮುಂದೆ ಹೋಗ್ತೈತೆ?" ಎಂದವರೇ, ತಾವೇ 'ಮನಸ್ತಾಪ' ಎಂದು ಬರೆದುಕೊಂಡರು.

ನಮ್ಮಿಬ್ಬರಿಗೆ ಮನಸ್ತಾಪ ಎಂಬ ಸುದ್ದಿ ಹರಡಿತು. ನ್ಯಾಮತಿಯಿಂದ ಗೆಳೆಯನ ಮಾವ ಇಬ್ಬರು ಹಿರಿಯರನ್ನು ಕರೆದುಕೊಂಡು ರಾಜಿ ಮಾಡಿಸಲು ನನ್ನ ಮನೆಗೇ ಬಂದರು. ಟೀ ಮಾಡಿಸಿದೆ. ರಾಜಿ ಆಗುವವರೆಗೆ ಮುಟ್ಟುವುದಿಲ್ಲ ಎಂದು ಮೂವರೂ ಲೋಟ ಪಕ್ಕಕ್ಕೆ ಸರಿಸಿದರು.

೩. ಸ್ಟೂಲು

ಬಸ್ಸಿನಲ್ಲಿ ಹಾದುಹೋಗುವಾಗಲೆಲ್ಲ ಅವನ ಅಂಗಡಿಯ ಖಾಲಿ ಸ್ಟೂಲು ಕಾಣುತ್ತಿತ್ತು. ತಪಾಸಣೆ ಬೇರೆಯವರ ಕೈಗೆ ಹೋಗಿದ್ದರೂ, ನೌಕರಿ ಮುಗಿಯುವವರೆಗೆ ಬೇಡವೆಂದು ಇಳಿಯದೆ ಮುಂದೆ ಹೋಗುತ್ತಿದ್ದೆ. ನಿವೃತ್ತನಾದ ವಾರಕ್ಕೇ ಹೋಗಿ ಎದುರು ನಿಂತೆ. ಅವನ ಕಣ್ಣು ತುಂಬಿತು. ಎರಡು ಟೀ ತರಿಸಿದ. ನಾನು ಕೂರಲು ಹೋದೆ, ಭುಜ ಹಿಡಿದುಕೊಂಡ.

"ಕೂರಬ್ಯಾಡ ಮಾರಾಯ. ನಿನ್ನ ಜಾಗಕ್ಕೆ ಬಂದ ಮೇಡಂ ಹೇಳಿ ಹೋಗ್ಯಾರೆ. ಹಳೇ ಸಾಹೇಬ್ರು ಅಂಗಡ್ಯಾಗೆ ಕೂತ್ರೆ ತಪಾಸಣೆಗೆ ಬರೋರಿಗೆ ಮುಲಾಜು ಆಗ್ತೈತಂತೆ. ಒಂದು ವರ್ಷ ಕೂರಿಸಬ್ಯಾಡ್ರಿ ಅಂದ್ರು."

"ಹಿಂಗಂತ ಅವರಿಗೆ ಯಾರು ಹೇಳಿದ್ರಂತೆ?"

"ನೀನೇ ಕಲಿಸಿದ್ದಂತೆ."

ಹೌದು, ಆಕೆಗೆ ಕೆಲಸ ಕಲಿಸಿದವನು ನಾನೇ.

ಗೆಳೆಯ ಸ್ಟೂಲು ಎತ್ತಿಕೊಂಡು ಹೋಗಿ ರಸ್ತೆಯಾಚೆ ಬೇವಿನ ಮರದ ಕೆಳಗಿಟ್ಟ. ನನ್ನನ್ನು ಕೂರಿಸಿ, ಲೋಟ ಕೈಗಿಟ್ಟು, ಗಿರಾಕಿ ಬಂದರೆಂದು ಅಂಗಡಿಗೆ ಓಡಿದ. ಆಚೆ ಅವನು, ಈಚೆ ನಾನು, ನಡುವೆ ಶಿವಮೊಗ್ಗದ ಬಸ್ಸು. ಬಸ್ಸು ಸರಿದ ಮೇಲೆ ಇಬ್ಬರೂ ಲೋಟ ಎತ್ತಿದೆವು.

"ಹೆಂಗೈತೋ ಟೀ?" ಎಂದು ಅಲ್ಲಿಂದಲೇ ಕೂಗಿದ.

"ಒಂದು ವರ್ಷ ತಡಿ," ಎಂದೆ, "ಒಳಗೆ ಬಂದು ಹೇಳ್ತೀನಿ."